ಮುಪ್ಪಿನಲ್ಲಿ ಮುರಿಯುವ ತೊಡೆಮೂಳೆ

ಆಷಾಢದ ಮಳೆ ಹಿಡಿಯಿತೆಂದರೆ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಮನೆಯಂಗಳವೂ ಮುರಕಲ್ಲಿನ ಮೆಟ್ಟಿಲೂ ಪಾಚಿಗಟ್ಟಿ ಜಾರತೊಡಗುತ್ತವೆ. ಹುಡುಗನು ಬಿದ್ದರೆ ಮಂಡಿ ತರಚೀತು. ಎಪ್ಪತ್ತು ದಾಟಿದ ಅಜ್ಜಿ ಬಿದ್ದು ಏಳಲಾರದಿದ್ದರೆ 'ಸೊಂಟ ಮುರಿಯಿತು' ಎನ್ನುತ್ತೇವೆ. ಹೆಚ್ಚಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು ಅದರ ಕುರುಹು.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಗಂಡಸರಿಗೂ ಮುಪ್ಪಿನಲ್ಲಿ ಇದು ತಪ್ಪಿದ್ದಲ್ಲ. ಮಬ್ಬುಗಣ್ಣು, ಸೋತ ಸ್ನಾಯು, ಮಂಪರು ತರುವ ಔಷಧಿ, ಬೀಡಿಯ ಚಟ, 'ಡಿ' ಜೀವಸತ್ತ್ವದ ಕೊರತೆ ಇವು ಕೂಡಿದಲ್ಲಿ ನಿಂತ ನೆಲದ ಮೇಲೆ ಬಿದ್ದರೂ ಸಾಕು.

ಈ ಮೂಳೆಯ ಗುಂಡುತಲೆಗೆ ನೆತ್ತರೊಯ್ಯುವ ನಾಳಗಳು ಬಹುಮಟ್ಟಿಗೆ ಅದರ ಕತ್ತಿನ ಮೇಲೆಯೇ ಸಾಗುತ್ತವೆ. ಕತ್ತು ಮುರಿದು ಸರಿದರೆ ಅವೂ ಕಡಿಯುತ್ತವೆ. ಎಣ್ಣೆ ತಿಕ್ಕಿ ಕಟ್ಟು ಹಾಕಿದರೆ ಅಂಥ ಮೂಳೆ ಕೂಡುವುದು ದುರ್ಲಭ. ಹಾಸಿಗೆ ಹಿಡಿದವರನ್ನು ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ ಕಾಡುತ್ತವೆ. ಹಲವು ದೇಶಗಳ ಲೆಕ್ಕದಂತೆ ಇಂಥವರಲ್ಲಿ ಸುಮಾರು 5ರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ.

'ಈ ವಯಸ್ಸಿನಲ್ಲಿ ಶಸ್ತ್ರಕ್ರಿಯೆಯೆ?' ಎಂದು ನಾವು ಅಂಜುವುದುಂಟು. ವಯಸ್ಸಾದವರನ್ನು ಬೇಗ ಎಬ್ಬಿಸಿ ನಡೆಸುವುದಕ್ಕಾಗಿಯೇ ಅದು ಬೇಕು. ಸಾಧ್ಯವಾದರೆ 48 ಗಂಟೆಗಳೊಳಗೆ. 1953ರಿಂದ ವೈದ್ಯಕೀಯ ಕಾಲೇಜಿರುವ ಮಣಿಪಾಲಕ್ಕೆ ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ದಾರಿಗೆ ಬೇಕಾದುದು ಗಂಟೆಗಳು; ನಮ್ಮ ಹಿಂಜರಿಕೆ ದಿನಗಳನ್ನೇ ನುಂಗುತ್ತದೆ.

ಮಳೆಗೆ ಮುಂಚೆ ಅಂಗಳದ ಪಾಚಿ ಕೆರೆಯೋಣ, ಬಚ್ಚಲಿಗೆ ಹಿಡಿಕೆಯನ್ನೂ ದೀಪವನ್ನೂ ಇರಿಸೋಣ. ಖರ್ಚು ಅಲ್ಪ, ಉಳಿಯುವುದು ಹಿರಿಯರ ನಡಿಗೆ.