ಬುಗುರಿ ಕಲಿಸುವ ಪಾಠ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ ರಾಮನಗರವನ್ನು ದಾಟಿದರೆ ಚನ್ನಪಟ್ಟಣ. ಅಲ್ಲಿಯ ಬಣ್ಣದ ಬೊಂಬೆಗಳನ್ನು ಮಕ್ಕಳಿಗೆ ಕೊಂಡು ತರುವವರು ಬಹಳ; ಅವು ಹುಟ್ಟುವ ಬಗೆಯನ್ನು ಮಕ್ಕಳಿಗೆ ತೋರಿಸುವವರು ವಿರಳ.

ಯಂತ್ರದಲ್ಲಿ ಗಿರಗಿರನೆ ತಿರುಗುವ ಆಲೆ ಮರದ ತುಂಡಿಗೆ ಕಸಬುದಾರರು ಉಳಿಯನ್ನು ಸೋಕಿಸುತ್ತಾರೆ; ಆಕಾರ ಮೂಡುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಶಾಖಕ್ಕೇ ಅರಗು ಕರಗಿ ಮರವನ್ನು ಅಪ್ಪುತ್ತದೆ.

ಯಂತ್ರದ ಬಳಿಗೆ ಎಳೆಯ ಕೈಗಳನ್ನು ಬಿಡಲಾಗದು, ನಿಜ. ಆದರೆ ಆ ಕೈಗಳಿಗೆ ಜೇಡಿಮಣ್ಣನ್ನು ಕೊಟ್ಟು, ‘ಒಂದು ವರ್ಷದ ತಂಗಿಗೆ ಗಿಲಕಿಯೊಂದನ್ನು ರೂಪಿಸು’ ಎನ್ನಬಹುದಲ್ಲವೆ? ಪುಟ್ಟ ಮುಷ್ಟಿಗೆ ಹಿಡಿ ಎಷ್ಟು ದಪ್ಪವಿರಬೇಕು? ಅಂಚು ಚುಚ್ಚೀತೆ? ಬಾಯಿಗಿಟ್ಟರೆ ಬಣ್ಣ ಬಿಟ್ಟೀತೆ? ಈ ಪ್ರಶ್ನೆಗಳೇ ವಸ್ತುವಿನ್ಯಾಸದ ಓನಾಮ. ಇನ್ನು ಬುಗುರಿ: ಎತ್ತರವಾದುದು ಬೇಗ ವಾಲಿ ಬಿದ್ದರೆ, ಮಗು ಅದರ ಒಡಲನ್ನು ತಗ್ಗಿಸಿ, ಅಗಲಿಸಿ, ಮತ್ತೊಂದನ್ನು ಮಾಡುತ್ತದೆ. ಆ ಸೋಲಿಗೆ ಅಂಕವಿಲ್ಲ, ಕಲಿಕೆಯಿರುವುದು ಅಲ್ಲಿಯೇ.

ಜರ್ಮನಿಯ ಫ್ರೋಬೆಲ್ 19ನೆಯ ಶತಮಾನದಲ್ಲಿಯೇ ಶಿಶುಗಳ ಕೈಗೆ ಮರದ ಗೋಳ, ಘನ, ಉರುಳೆಗಳನ್ನಿತ್ತನು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಕಸಬೇ ಶಿಕ್ಷಣದ ನಡುಗಂಬವಾಗಬೇಕೆಂದರು. ರಾಮನಗರ, ಕನಕಪುರ, ಮಾಗಡಿಗಳ ಶಾಲೆಗಳಿಗಂತೂ ಇಂಥ ಪಾಠಶಾಲೆ ನೆರೆಯಲ್ಲಿಯೇ ಇದೆ. ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಆದರೆ ಮನ್ನಣೆಯೊಂದೇ ಕಸಬನ್ನು ಉಳಿಸಲಾರದು. ಕೊಳ್ಳುವುದನ್ನಷ್ಟೇ ಬಲ್ಲ ಪೀಳಿಗೆ ಮಾಡುವವರ ಬೆಲೆಯನ್ನು ಅರಿಯುವುದೆಂತು?

ಮಜ್ಜಿಗೆಯನ್ನು ಕಡೆಯುತ್ತೇವೆ, ಮರವನ್ನು ಕಡೆಯುತ್ತೇವೆ, ಶಿಲ್ಪವನ್ನೂ ಕಡೆಯುತ್ತೇವೆ. ಕನ್ನಡಕ್ಕೆ ಈ ಮೂರಕ್ಕೂ ಒಂದೇ ಮಾತು. ಮೂರರಲ್ಲಿಯೂ ಕೈಯೇ ಗುರು. ಆ ಗುರುವನ್ನು ನಮ್ಮ ತರಗತಿಗಳು ಇನ್ನೆಷ್ಟು ಕಾಲ ಹೊರಗೆ ನಿಲ್ಲಿಸಬೇಕು?