ಲೈಟು ಉರೀತಿದೆ, ಕಂಪ್ಯೂಟರ್‌ಗೆ ಕಾಣ್ತಿಲ್ಲ!

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಹತ್ತಕ್ಕೆ ಮಿನಿ ಪ್ರಾಜೆಕ್ಟ್ ರಿವ್ಯೂ. ತೆಂಗಿನ ಮರದ ಬುಡದಲ್ಲಿ ಮಣ್ಣು ಒಣಗಿದರೆ ಪಂಪ್ ತಾನಾಗಿಯೇ ಚಾಲೂ ಆಗಬೇಕು, ಇಷ್ಟೇ ನಮ್ಮ ಪ್ರಾಜೆಕ್ಟು. ಸೆನ್ಸರ್, ರಿಲೇ, ವೈರಿಂಗ್ ಎಲ್ಲ ಗೆಳತಿಯ ಕೆಲಸ, ಕೋಡ್ ನನ್ನದು. ಬಾಕಿ ಇದ್ದದ್ದು ಆರ್ಡುಯಿನೊ ಬೋರ್ಡನ್ನು ನನ್ನ ಕಂಪ್ಯೂಟರ್‌ಗೆ ಸಿಕ್ಕಿಸಿ ಕೋಡನ್ನು ಅದರೊಳಕ್ಕೆ ಇಳಿಸುವುದು. ಮುಂದಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದೆ. ಏನೂ ಆಗಲಿಲ್ಲ. ಒಂದು ಲೈಟು ಕೂಡ ಹೊತ್ತಿಕೊಳ್ಳಲಿಲ್ಲ.

‘ಬೋರ್ಡ್ ಡೂಪ್ಲಿಕೇಟ್ ಕಣೇ, ನೋಡ್ಕೊಂಡು ತರೋದಲ್ವಾ?’ ಎಂದು ಫೋನಿನಲ್ಲಿ ರೇಗಿದೆ. ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಬಂದ ದುಡ್ಡಲ್ಲಿ ಅವಳು ತಂದ ಬೋರ್ಡ್ ಅದು. ‘ನಮ್ಮನೆ ಲ್ಯಾಪ್‌ಟಾಪಲ್ಲಿ ನಿನ್ನೆ ಚೆನ್ನಾಗೇ ಬರ್ತಿತ್ತಲ್ಲ’ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಅದಕ್ಕೇ ನನಗೆ ಭಯ ಶುರುವಾಗಿದ್ದು. ಬೋರ್ಡ್ ಸರಿ ಇದೆ ಅಂದರೆ ಕೆಟ್ಟಿರುವುದು ನನ್ನ ಕಂಪ್ಯೂಟರ್. ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದ ಅಪ್ಪನಿಗೆ ‘ಬೇಡ, ಅದೇ ದುಡ್ಡಲ್ಲಿ ಇನ್ನೂ ಒಳ್ಳೇದು ನಾನೇ ಜೋಡಿಸ್ತೀನಿ’ ಎಂದು ಜಂಬ ಕೊಚ್ಚಿದವಳು ನಾನು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಅಪ್ಪನ ಜೊತೆ ಅರ್ಧ ದಿನ ಅಲೆದು ಮದರ್‌ಬೋರ್ಡ್, ಪ್ರೊಸೆಸರ್, ಕ್ಯಾಬಿನೆಟ್ ತಂದು, ತಮ್ಮ ಟಾರ್ಚ್ ಹಿಡಿದಿರಲು ನಾನು ಸ್ಕ್ರೂ ತಿರುಗಿಸಿದ್ದೆ. ಅದಕ್ಕೆ ಉಬುಂಟು ಹಾಕಿ ತಿಂಗಳಾಗಿತ್ತಷ್ಟೆ. ಈಗ ಅಪ್ಪನ ಮುಂದೆ ನಿಂತು ‘ಮದರ್‌ಬೋರ್ಡ್ ಹೋಗಿದೆ’ ಅನ್ನುವುದು ಹೇಗೆ?

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಮುಂದಿನ ಯುಎಸ್‌ಬಿ ಕಿಂಡಿಗಳಿಂದ ಬಂದ ದಪ್ಪ ನೀಲಿ ಮೂತಿಯ ಕೇಬಲ್ ಒಳಗೆ ಆರಾಮಾಗಿ ನೇತಾಡುತ್ತಿತ್ತು! ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗಳು ಮದರ್‌ಬೋರ್ಡಿನ ಭಾಗವಲ್ಲ, ಕೇಬಲ್ ಎಳೆದು ನಾವೇ ಕೂಡಿಸಬೇಕು. ಯುಎಸ್‌ಬಿ 3ರ ಆ ಕನೆಕ್ಟರ್‌ನಲ್ಲಿ 19 ಸಣ್ಣ ಪಿನ್‌ಗಳಿರುತ್ತವೆ. ಒಂದು ಬಾಗಿದರೂ ಕಷ್ಟ ಎಂದು ಹೆದರಿ ‘ಆಮೇಲೆ ಹಾಕೋಣ’ ಎಂದು ಬಿಟ್ಟಿದ್ದು ಆಗ ನೆನಪಾಯಿತು. ತಿಂಗಳಿಡೀ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ಹಿಂದಿನ ಕಿಂಡಿಗಳಲ್ಲೇ ನಡೆದಿದ್ದರಿಂದ ಗೊತ್ತೇ ಆಗಿರಲಿಲ್ಲ.

ಬೋರ್ಡನ್ನು ಹಿಂದಿನ ಕಿಂಡಿಗೆ ಸಿಕ್ಕಿಸಿದೆ. ಹಸಿರು ಲೈಟು ಉರಿಯಿತು. ಖುಷಿಯಿಂದ ಸಾಫ್ಟ್‌ವೇರ್ ತೆರೆದರೆ ಅಲ್ಲಿ ಪೋರ್ಟ್ ಎಂಬ ಪದವೇ ಮಂಕಾಗಿದೆ, ಒತ್ತಲು ಬರುವುದಿಲ್ಲ. ‘ಲೈಟು ಉರೀತಿದೆಯಲ್ಲಕ್ಕಾ, ಮತ್ಯಾಕೆ ಕಾಣ್ತಿಲ್ಲ?’ ಎಂದು ತಮ್ಮ ಕೇಳಿದ. ನಿದ್ದೆಗಣ್ಣಲ್ಲಿ ಕೇಳಿದ್ದಾದರೂ ಅವತ್ತಿನ ಅತಿ ಮುಖ್ಯ ಪ್ರಶ್ನೆ ಅದೇ.

ಸಾಮಾನ್ಯ ಯುಎಸ್‌ಬಿ 2 ಕೇಬಲ್ಲಿನಲ್ಲಿ ನಾಲ್ಕು ತಂತಿಗಳಿರುತ್ತವೆ. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಮಾತುಕತೆಗೆ. ಫೋನ್ ಚಾರ್ಜ್ ಮಾಡಲೆಂದೇ ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಮಾತುಕತೆಯ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ಎರಡೂ ಒಂದೇ ಥರ. ಲೈಟು ಉರಿಯುವುದು ಕರೆಂಟು ಬಂದಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಕಂಪ್ಯೂಟರ್ ಜೊತೆ ಮಾತಾಡುತ್ತಿದೆ ಎಂಬುದಕ್ಕಲ್ಲ. ಗೆಳತಿ ಕೊಟ್ಟಿದ್ದು ಬರೀ ಬೋರ್ಡ್, ಕೇಬಲ್ ನಮ್ಮನೆಯದು. ಅಮ್ಮನ ಹಳೇ ಬ್ಲೂಟೂತ್ ಸ್ಪೀಕರ್ ಚಾರ್ಜ್ ಮಾಡುತ್ತಿದ್ದದ್ದು!

ಅಂದಹಾಗೆ, 1996ರಲ್ಲಿ ಮೊದಲ ಆವೃತ್ತಿ ಬಂದ ಈ ಯುಎಸ್‌ಬಿಯನ್ನು ರೂಪಿಸಿದವರಲ್ಲಿ ಪ್ರಮುಖರು ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಪ್ರಿಂಟರಿಗೊಂದು, ಮೌಸಿಗೊಂದು ಥರದ ಕಿಂಡಿ ಇದ್ದ ಕಾಲದಲ್ಲಿ ಎಲ್ಲಕ್ಕೂ ಒಂದೇ ಇರಲಿ ಎಂದು ಹೊರಟವರು. ಅವತ್ತು ರಾತ್ರಿ ಮಾತ್ರ ಅವರ ಮೇಲೂ ಸ್ವಲ್ಪ ಸಿಟ್ಟು ಬಂದಿತ್ತು.

ತಮ್ಮ ಹಳೇ ಪ್ರಿಂಟರಿನ ಕೇಬಲ್ ಹುಡುಕಿ ತಂದ. ಪ್ರಿಂಟರಿಗೆ ಕರೆಂಟು ಬೇರೆ ಕಡೆಯಿಂದ ಬರುತ್ತದೆ, ಹಾಗಾಗಿ ಅದರ ಯುಎಸ್‌ಬಿ ಕೇಬಲ್ ಇರುವುದೇ ಮಾತಾಡಲು. ಅದನ್ನು ಹಾಕಿ, ಟರ್ಮಿನಲ್ ತೆರೆದು ‘ಎಲ್ಎಸ್‌ಯುಎಸ್‌ಬಿ’ ಎಂದು ಟೈಪ್ ಮಾಡಿದೆ. ಕಂಪ್ಯೂಟರಿಗೆ ಸೇರಿದ ಯುಎಸ್‌ಬಿ ಸಾಧನಗಳ ಹಾಜರಿ ಪುಸ್ತಕ ಇದ್ದಂತೆ ಈ ಕಮಾಂಡ್. ಪಟ್ಟಿಯಲ್ಲಿ ಹೊಸ ಸಾಲು ಬಂದಿತ್ತು: 1ಎ86:7523. ಅಸಲಿ ಆರ್ಡುಯಿನೊ ಅಲ್ಲದ, ಅಗ್ಗದ ಬೋರ್ಡುಗಳಲ್ಲಿ ಇರುವ ಸಿಎಚ್340 ಎಂಬ ಚಿಪ್‌ನ ಗುರುತಿನ ಸಂಖ್ಯೆ ಇದು. ಅಂದರೆ ಬೋರ್ಡ್ ಬದುಕಿದೆ, ಕೇಬಲ್ ಸರಿಯಿದೆ, ಮದರ್‌ಬೋರ್ಡ್ ಕೂಡ ಸರಿಯಿದೆ. ಅಪ್ಪನ ಮುಂದೆ ತಲೆ ತಗ್ಗಿಸುವುದು ತಪ್ಪಿತು ಎಂದು ಉಸಿರು ಬಿಟ್ಟೆ. ಆದರೂ ಪೋರ್ಟ್ ಮಾತ್ರ ಮಂಕಾಗಿಯೇ ಇತ್ತು! ಹಾಜರಿ ಹಾಕಿ ಕ್ಲಾಸಿಗೆ ಬಾರದ ವಿದ್ಯಾರ್ಥಿಯ ಹಾಗೆ.

ಲಿನಕ್ಸ್‌ನಲ್ಲಿ ನನಗಿಷ್ಟವಾದ ಗುಣ ಒಂದಿದೆ. ಅದು ಏನು ಮಾಡುತ್ತಿದೆ ಎಂಬುದನ್ನು ಬಚ್ಚಿಡುವುದಿಲ್ಲ. ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳ ಕಮಾಂಡಿದೆ, ಕರ್ನಲ್ ಬರೆದಿಟ್ಟ ದಿನಚರಿಯನ್ನು ತೋರಿಸುತ್ತದೆ. ಮುಂದೆ ‘ಸುಡೊ’, ಹಿಂದೆ ‘-ಡಬ್ಲ್ಯು’ ಸೇರಿಸಿದರೆ ಹೊಸ ಸಾಲುಗಳು ಕಣ್ಣೆದುರೇ ಬರುತ್ತಿರುತ್ತವೆ. ಅದನ್ನು ತೆರೆದಿಟ್ಟು ಬೋರ್ಡನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ‘ಡಿಸ್ಕ್ರಿಪ್ಟರ್ ರೀಡ್ ಎರರ್ -71’ ಥರದ ಸಾಲು ಬಂದಿದ್ದರೆ ಇನ್ನೂ ಕೇಬಲ್ಲನ್ನೋ ಕಿಂಡಿಯನ್ನೋ ಅನುಮಾನಿಸಬೇಕಿತ್ತು. ನನಗೆ ಬಂದಿದ್ದು ಬೇರೆ. ಮೊದಲು ‘ಟಿಟಿವೈ ಯುಎಸ್‌ಬಿ 0’ ಎಂಬ ಪೋರ್ಟಿಗೆ ಬೋರ್ಡ್ ಸೇರಿತು ಎಂಬ ಸಾಲು. ಅದರ ಬೆನ್ನಿಗೇ ‘ಬಿಆರ್‌ಎಲ್‌ಟಿಟಿವೈ’ ಎಂಬ ಯಾವುದೋ ಹೆಸರು. ಮರುಸಾಲಿನಲ್ಲಿ ಬೋರ್ಡ್ ಪೋರ್ಟಿನಿಂದ ಹೊರಬಿತ್ತು ಎಂಬ ಸುದ್ದಿ.

ಯಾರಿದು ನಡುವೆ ಬಂದವರು? ಹುಡುಕಿದರೆ, ಅಂಧರು ಬೆರಳಿನಿಂದ ಓದುವ ಬ್ರೈಲ್ ಪರದೆಗಳನ್ನು ಲಿನಕ್ಸ್‌ಗೆ ಜೋಡಿಸುವ ತಂತ್ರಾಂಶ! ನನ್ನಲ್ಲಿದ್ದ ಉಬುಂಟು 22.04ರಲ್ಲಿ ಅದು ಮೊದಲೇ ಇರುತ್ತದೆ. ಯಾವ ಸಂಖ್ಯೆಯ ಸಾಧನ ಬಂದರೆ ಬ್ರೈಲ್ ಪರದೆ ಎಂದು ತಿಳಿಯಬೇಕು ಎಂಬ ಪಟ್ಟಿ ಅದರ ಬಳಿ ಇದೆ. 20 ಅಕ್ಷರ ತೋರಿಸುವ ಒಂದು ಬ್ರೈಲ್ ಸಾಧನಕ್ಕೂ 1ಎ86:7523 ಎಂಬ ಅದೇ ಸಂಖ್ಯೆ ಇರುವುದರಿಂದ ನಮ್ಮ ತೆಂಗಿನ ತೋಟದ ಬೋರ್ಡನ್ನೂ ತನ್ನದೇ ಎಂದು ಎಳೆದುಕೊಂಡಿತ್ತು. ಒಂದೇ ಇನಿಷಿಯಲ್ಲು, ಒಂದೇ ಹೆಸರಿನ ಇಬ್ಬರ ಹಾಲ್ ಟಿಕೆಟ್ ಅದಲುಬದಲಾದ ಕಥೆ.

ಇದಕ್ಕೆ ಎಲ್ಲರೂ ಕೊಡುವ ಪರಿಹಾರ, ಆ ತಂತ್ರಾಂಶವನ್ನೇ ಕಿತ್ತುಹಾಕು ಎಂಬುದು. ಒಂದು ಕಮಾಂಡ್, ಹತ್ತು ಸೆಕೆಂಡ್. ನಮ್ಮನೆಯಲ್ಲಿ ಬ್ರೈಲ್ ಓದುವವರು ಯಾರೂ ಇಲ್ಲ, ಕಿತ್ತಿದ್ದರೆ ನಷ್ಟವೇನೂ ಇರಲಿಲ್ಲ. ಆದರೂ ಕೈ ಬರಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮೂರಿನ ಕಣ್ಣು ಕಾಣದ ಅಕ್ಕನೊಬ್ಬಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಸ್ಕ್ರೈಬ್ ಆಗಿ ಕೂತಿದ್ದೆ. ಗಣಿತದ ಲೆಕ್ಕವನ್ನು ಮನಸ್ಸಲ್ಲೇ ಮಾಡಿ, ಹಂತ ಹಂತವಾಗಿ ನನಗೆ ಹೇಳಿ ಬರೆಸಿದ್ದಳು. ನಾನೊಂದು ಕಡೆ ಚಿಹ್ನೆ ತಪ್ಪಿಸಿದ್ದನ್ನು, ಮತ್ತೆ ಓದಿಸಿಕೊಂಡಾಗ ಅವಳೇ ಹಿಡಿದಳು. ಅಂಥವರಿಗೆಂದು ಯಾರೋ ಬರೆದು ಉಚಿತವಾಗಿ ಕೊಟ್ಟದ್ದನ್ನು ನನಗೆ ಅಡ್ಡ ಬಂತೆಂದು ಕಸಕ್ಕೆ ಹಾಕುವುದು ಯಾಕೋ ಸರಿ ಕಾಣಲಿಲ್ಲ. ಸೋಮಾರಿತನದ ಪರಿಹಾರ ಅನ್ನಿಸಿತು.

ಇನ್ನೊಂದು ದಾರಿ ಇತ್ತು. ಯುಎಸ್‌ಬಿ ಸಾಧನ ಬಂದಾಗ ಯಾರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವುದು ‘ಯುಡೆವ್’ ಎಂಬ ವ್ಯವಸ್ಥೆಯ ನಿಯಮಗಳು. ಬ್ರೈಲ್ ತಂತ್ರಾಂಶದ ನಿಯಮಗಳ ಫೈಲನ್ನು ಅದೇ ಹೆಸರಲ್ಲಿ ‘ಇಟಿಸಿ’ ಫೋಲ್ಡರಿನೊಳಗಿನ ಯುಡೆವ್ ನಿಯಮಗಳ ಜಾಗಕ್ಕೆ ಕಾಪಿ ಮಾಡಿದೆ. ಅಲ್ಲಿರುವ ಫೈಲಿನ ಮಾತೇ ಮೇಲು, ಅಪ್‌ಡೇಟ್ ಬಂದರೂ ಅಳಿಯುವುದಿಲ್ಲ. ಅದರಲ್ಲಿ 7523 ಇದ್ದ ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಪೋರ್ಟ್ ಕಾಣಿಸಿತು! ಅಪ್‌ಲೋಡ್ ಒತ್ತಿದರೆ ‘ಪರ್ಮಿಷನ್ ಡಿನೈಡ್’. ಅಳು ಬರುವುದೊಂದು ಬಾಕಿ. ಅದೃಷ್ಟಕ್ಕೆ ಇದು ಚಿಕ್ಕದು. ಸೀರಿಯಲ್ ಪೋರ್ಟ್ ಬಳಸಲು ನಮ್ಮ ಹೆಸರು ‘ಡಯಲ್‌ಔಟ್’ ಎಂಬ ಗುಂಪಿನಲ್ಲಿರಬೇಕು. ಸೇರಿಸಿ, ಲಾಗ್‌ಔಟ್ ಆಗಿ ಬಂದೆ.

ಒಂದೂ ನಲವತ್ತಕ್ಕೆ ಕೋಡ್ ಇಳಿಯಿತು. ತುಳಸಿ ಕುಂಡದಿಂದ ತಂದಿಟ್ಟ ಮಣ್ಣಿಗೆ ಸೆನ್ಸರ್ ಚುಚ್ಚಿದೆ. ಪರದೆಯ ಮೇಲೆ ದೊಡ್ಡ ದೊಡ್ಡ ಅಂಕಿಗಳು. ತಮ್ಮ ಲೋಟದಿಂದ ನೀರು ಹನಿಸಿದ. ಅಂಕಿ ಇಳಿಯುತ್ತ ಇಳಿಯುತ್ತ ಹೋಗಿ, ಟಕ್ ಎಂದು ರಿಲೇ ಸದ್ದು ಮಾಡಿತು. ಒಳಮನೆಯಿಂದ ಅಮ್ಮ ‘ಇನ್ನೂ ಮಲಗಿಲ್ವೇನ್ರೋ?’ ಎಂದರು.

ಗೆಳತಿಗೆ ಮೆಸೇಜ್ ಹಾಕಿದೆ. ‘ಬೋರ್ಡ್ ಚೆನ್ನಾಗಿದೆ ಕಣೇ. ಕೇಬಲ್ ನಂದೇ ಕೆಟ್ಟದ್ದು, ಬಾಯಿ ಇನ್ನೂ ಕೆಟ್ಟದ್ದು. ಸಾರಿ.’ ಎದ್ದೇ ಇದ್ದಳು. ‘ರಿಲೇ ಸದ್ದು ಬಂತಾ?’ ಎಂದು ಕೇಳಿದಳು. ರೆಕಾರ್ಡ್ ಮಾಡಿ ಕಳಿಸಿದೆ.

ಮುಂದಿನ ಕಿಂಡಿಯ ಕೇಬಲ್ ಇನ್ನೂ ಹಾಗೇ ನೇತಾಡುತ್ತಿದೆ. ಭಾನುವಾರ ಟಾರ್ಚ್ ಹಿಡಿಯಲು ತಮ್ಮ ಐವತ್ತು ರೂಪಾಯಿ ಕೇಳಿದ್ದಾನೆ.