ಗಾಜಿನಂಥ ಪೊರೆಯಲ್ಲಿ ಎಲೆಕ್ಟ್ರಾನಿನ ದಾರಿ

ಗಾಜು ವಿದ್ಯುತ್ತನ್ನು ಹರಿಯಗೊಡದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳೂ ಹಾಗೆಯೇ ಬರೆದು ಅಂಕ ಪಡೆಯುತ್ತಾರೆ. ಆದರೆ ಇಂದಿನ ಹಲವು ಟೆಲಿವಿಷನ್ ಪರದೆಗಳಲ್ಲಿ ಬೆಳಕಿನ ಚುಕ್ಕೆಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಟ್ರಾನ್ಸಿಸ್ಟರುಗಳಲ್ಲಿರುವುದು ಗಾಜಿನಂತೆಯೇ ಪಾರದರ್ಶಕವಾದ, ಗಾಜಿನಂತೆಯೇ ಪರಮಾಣುಗಳು ಕ್ರಮಗೆಟ್ಟು ಕೂಡಿರುವ ಒಂದು ಪೊರೆ. ಇಂಡಿಯಮ್, ಗ್ಯಾಲಿಯಮ್, ಸತು ಈ ಮೂರು ಲೋಹಗಳ ಆಕ್ಸೈಡು ಅದು. ದಪ್ಪ ಕೆಲವು ಹತ್ತು ನ್ಯಾನೊಮೀಟರು ಮಾತ್ರ.

ಇದರ ಸ್ವಾರಸ್ಯವನ್ನರಿಯಲು ಮೊದಲು ಸಿಲಿಕಾನನ್ನು ನೋಡೋಣ. ಸೆಂಟಿಮೀಟರಿಗೆ ಒಂದು ವೋಲ್ಟಿನಂತೆ ವಿದ್ಯುತ್ ಕ್ಷೇತ್ರವನ್ನೊಡ್ಡಿದರೆ, ಶುದ್ಧ ಸ್ಫಟಿಕದಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 1,400 ಸೆಂಟಿಮೀಟರು ಸಾಗುತ್ತದೆ. ಅಸ್ಫಟಿಕ ಸಿಲಿಕಾನಿನಲ್ಲಿ ಒಂದು ಸೆಂಟಿಮೀಟರು ಸಾಗಿದರೆ ಹೆಚ್ಚು! ಸಿಲಿಕಾನಿನ ಬಂಧಗಳು ನಿಯತ ದಿಕ್ಕುಗಳಿಗೆ ಚಾಚಿದವು. ಜೋಡಣೆ ಕೆಟ್ಟೊಡನೆ ದಾರಿಯೂ ಕೆಡುತ್ತದೆ.

ಈ ಆಕ್ಸೈಡಿನಲ್ಲಿ ಎಲೆಕ್ಟ್ರಾನಿಗೆ ದಾರಿಯಾಗುವುದು ಮುಖ್ಯವಾಗಿ ಇಂಡಿಯಮ್ಮಿನ ಹೊರಗಿನ ಗೋಳಾಕಾರದ ಕಕ್ಷಕ. ಗೋಳಕ್ಕೆ ದಿಕ್ಕೆಲ್ಲಿಯದು? ಎಳ್ಳುಂಡೆಗಳನ್ನು ಡಬ್ಬಿಗೆ ಹೇಗೆ ಸುರಿದರೂ ಒಂದಕ್ಕೊಂದು ತಾಗಿಯೇ ಇರುತ್ತವಷ್ಟೆ. ಈ ದೊಡ್ಡ ಗೋಳಗಳಾದರೋ ತಾಗುವುದಷ್ಟೇ ಅಲ್ಲ, ಒಂದರೊಳಗೊಂದು ಹೊಕ್ಕಿರುತ್ತವೆ.

ಜಪಾನಿನ ಹಿಡಿಯೋ ಹೊಸೊನೊ ಈ ವಿಚಾರವನ್ನು 1996ರಲ್ಲಿ ಮುಂದಿಟ್ಟರು. 2004ರಲ್ಲಿ ಅವರ ತಂಡವು ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ, ಕೋಣೆಯ ಉಷ್ಣತೆಯಲ್ಲಿಯೇ, ಇಂಥ ಟ್ರಾನ್ಸಿಸ್ಟರನ್ನು ರಚಿಸಿತು. ಅದೇ ಅಳತೆಯಲ್ಲಿ ಎಲೆಕ್ಟ್ರಾನಿನ ವೇಗ 6ರಿಂದ 9 ಸೆಂಟಿಮೀಟರು. ಸ್ಫಟಿಕದ ಮುಂದೆ ಇದು ಬಡತನವೇ ಸರಿ, ಪರದೆಗೆ ಧಾರಾಳವಾಯಿತು.

ಹಾಗಾದರೆ ಗ್ಯಾಲಿಯಮ್ ಏತಕ್ಕೆ? ಪೊರೆಯಲ್ಲಿ ಆಮ್ಲಜನಕದ ಪರಮಾಣುವೊಂದು ತಪ್ಪಿಹೋದರೆ ಅಲ್ಲಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವು ಮಿತಿಮೀರಿದರೆ ಟ್ರಾನ್ಸಿಸ್ಟರು ಮುಚ್ಚಲಾಗದ ನಲ್ಲಿಯಂತೆ ಸೋರುತ್ತದೆ. ಗ್ಯಾಲಿಯಮ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುತ್ತದೆ. ವೇಗ ತುಸು ಕುಗ್ಗುತ್ತದೆ, ನಲ್ಲಿ ಮುಚ್ಚುತ್ತದೆ.